ಬೆನ್ನು

ಅಬರ್ಡೀನಿನ ಕಚೇರಿಯಿಂದ ಬಂದ ಕಾಗದದಲ್ಲಿ
ನನ್ನ ಹೆಸರಿನ ದೋಣಿಯನ್ನು
"ಅದು" ಎಂದು ಬರೆದಿದ್ದಾರೆ.
ಎಲ್ಸ್‌ಪೆಟ್ ಮೇರ್, ನಲವತ್ತೆರಡು ಅಡಿ, ಲಾರ್ಚ್ ಹಲಗೆ.
"ಅದನ್ನು" ನೋಂದಣಿಯಿಂದ ತೆಗೆಯಲಾಗಿದೆ.

ವಾಟಿ ಇದ್ದಿದ್ದರೆ ನಗುತ್ತಿದ್ದ.
ಮೂವತ್ತು ವರ್ಷ ಅವನ ಬಾಯಲ್ಲಿ ಅವಳು ಅವಳೇ.
ಇವತ್ತು ಯಾಕೋ ಅವಳು ಮುನಿಸಿಕೊಂಡಿದ್ದಾಳೆ.
ಅವಳಿಗೆ ಹೊಸ ಬಣ್ಣ ಬೇಕಂತೆ,
ನಾನು ಒಂದು ಕೋಟು ಕೇಳಿದ ಚಳಿಗಾಲವೇ.
ಸವತಿ ಎಂದರೆ ಇವಳು, ಅಂದುಕೊಂಡೆ,
ಹೆಸರನ್ನೂ ಬಿಡದೆ ಕದ್ದವಳು.

ಅವಳ ಮೇಲೆ ನಾನು ಕಾಲಿಡುವಂತಿರಲಿಲ್ಲ.
ಹೆಣ್ಣು ದೋಣಿ ಹತ್ತಿದರೆ ಬಲೆಗೆ ಮೀನು ಹತ್ತದು.
ಬೆಳಗಿನ ಜಾವ ನಾನು ಎದುರಾದರೂ ಸಾಕು,
ಮಾವ ಮನೆಗೆ ತಿರುಗಿ, ಇನ್ನೊಂದು ಪೈಪು ಸೇದಿ
ಮತ್ತೆ ಹೊರಡುತ್ತಿದ್ದ.
ದೋಣಿ ಹೊರಟ ದಿನ ಬಟ್ಟೆ ಒಗೆಯಬಾರದು.
ಹಂದಿ ಅನ್ನಬಾರದು, ಪಾದ್ರಿ ಅನ್ನಬಾರದು.
ಹೆಣ್ಣು ಅಂದರೆ ಮಾತ್ರ ನಡೆಯುತ್ತಿತ್ತು,
ಮರದವಳಾಗಿದ್ದರೆ.

ನನ್ನಜ್ಜಿ ಬೇಥಿಯಾಳ ಕಾಲಕ್ಕೆ
ಇಲ್ಲಿ ಕಟ್ಟೆ ಇರಲಿಲ್ಲ. ಬರೀ ಉರುಟು ಕಲ್ಲಿನ ದಡ,
ದೋಣಿ ದೂರದ ಆಳದಲ್ಲಿ.
ಹೊರಡುವಾಗಲೇ ಗಂಡಸರ ಕಾಲು ನೆನೆದರೆ
ಇಡೀ ರಾತ್ರಿ ಕೊರೆಯುತ್ತದಲ್ಲ,
ಅದಕ್ಕೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ
ಗಂಡನನ್ನು ಬೆನ್ನ ಮೇಲೆ ಹೊತ್ತು
ನೀರಿಗಿಳಿಯುತ್ತಿದ್ದಳು.
ಜನವರಿಯಲ್ಲಿ.
ಬಸುರಿಯಾಗಿದ್ದಾಗಲೂ.
ಅವನನ್ನು ದೋಣಿಯ ಅಂಚಿಗೆ ದಾಟಿಸಿ
ಮೈದುನನಿಗಾಗಿ ಮತ್ತೆ ದಡಕ್ಕೆ ಬರುತ್ತಿದ್ದಳು;
ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಅವಳ ಕೊರಳು ತಬ್ಬಿ ತೇಲುವಷ್ಟು ಹೊತ್ತು
ಒಬ್ಬನಿಗೂ ಅಪಶಕುನ ನೆನಪಾಗುತ್ತಿರಲಿಲ್ಲ.

ಹೀಗಿರುವಾಗ, ಕಚೇರಿಯ ತಮ್ಮಾ,
ದೋಣಿಯನ್ನು ಯಾಕೆ ಅವಳು ಅನ್ನುತ್ತಾರೆ ಎಂದು
ನೀನು ಫೋನಿನಲ್ಲಿ ನಗುತ್ತಾ ಕೇಳಿದೆ.
ದೊಡ್ಡ ಗುಟ್ಟೇನಿಲ್ಲ.
ಇಲ್ಲಿ ಮೊದಲ ದೋಣಿಗೆ ಎರಡು ಮೊಣಕಾಲಿದ್ದವು,
ಎರಡೂ ಮುದಿವಯಸ್ಸಿನಲ್ಲಿ ಮಡಿಸಲು ಬರುತ್ತಿರಲಿಲ್ಲ.

ವಾಟಿ ಸತ್ತಿದ್ದು ಕಡಲಲ್ಲಲ್ಲ, ಹಾಸಿಗೆಯಲ್ಲಿ.
ಪಾದ ತೊಳೆದು, ಬೆರಳಿನ ಸಂದು ಬಿಡದೆ ಒರೆಸಿ,
ಉಣ್ಣೆಯ ಕಾಲುಚೀಲ ಹಾಕಿ ಕಳಿಸಿದೆ.
ಅದು ನಿಮ್ಮ ನೋಂದಣಿಯಲ್ಲಿ ಬರುವುದಿಲ್ಲ.

ಪೆನ್ಸಿಲು ತಗೊಂಡು ನಾಲ್ಕು ಕಡೆ "ಅದು" ಹೊಡೆದು
ಮೇಲೆ "ಅವಳು" ಎಂದು ಬರೆದೆ.
ಸಹಿಯ ಜಾಗಕ್ಕೆ ಬಂದಾಗ ಕೈ ನಿಂತಿತು:
ಎಲ್ಸ್‌ಪೆಟ್ ಮೇರ್ ಎಂದು ಹಾಕಿದರೆ
ಹೋದವಳೋ ಉಳಿದವಳೋ
ನಿಮಗೆ ಹೇಗೆ ಗೊತ್ತಾಗಬೇಕು.