ಸುಟ್ಟ ಮರಳು, ಗೋಸಂಪಿಗೆ

ಏಪ್ರಿಲ್ ಗಾಳಿಗೆ ಖಬರಸ್ತಾನದಲ್ಲಿ ಮುರಿದುಬಿದ್ದ
ಮೊಳದುದ್ದದ ಕೊಂಬೆ.
ಬುಡೇನ್‌ಸಾಬ್ ಹಳೇ ಪೇಪರು ಸುತ್ತಿ
ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತಂದ, ಮೀನು ತಂದ ಹಾಗೆ.
'ಈಗಲೇ ನೆಡಬ್ಯಾಡ ಬೇಟಿ. ಹಾಲು ಸೋರತೈತಿ ನೋಡು.
ಹತ್ತು ದಿನ ನೆರಳಾಗ ಮಲಗಿಸು,
ಗಾಯ ತಾನೇ ಬಾಯಿ ಮುಚ್ಚಲಿ.'

ಮಲಗಿಸಿದೆ, ಅಕ್ಕಿ ಚೀಲಗಳ ಪಕ್ಕ,
ನನ್ನ ಟ್ರಂಕು ಬೀಗ ತೆಗೆಯದೆ ಕೂತಿದ್ದ ಮೂಲೆಯಲ್ಲಿ.
ಹರಿಹರ ಬಿಟ್ಟು ಬಂದು ಆಗ ಹದಿನೇಳು ದಿನ.
ಆಪಾ ಏನೂ ಕೇಳಿರಲಿಲ್ಲ.
ಜರಡಿ ಕೈಗಿಟ್ಟು
ಮಂಡಕ್ಕಿ ಭಟ್ಟಿಯ ಮುಂದೆ ತುಸು ಸರಿದು ಕೂತಿದ್ದಳು.

ಅಂಗಳವೆಂದರೆ ಮೂರು ಹೆಜ್ಜೆ. ಎರೆಮಣ್ಣು.
ನೀರು ನಿಂತರೆ ಬೇರು ಕೊಳೆಯುತ್ತದಂತೆ.
ಗುಂಡಿಗೆ ಸುರಿದೆ,
ಹುರಿದು ಹುರಿದು ಕಪ್ಪಾಗಿ
ಇನ್ನು ಬಾರದೆಂದು ಹೊರಗೆಸೆದ ಮರಳು, ಮೂರು ಬುಟ್ಟಿ.
ಎಷ್ಟು ಸೇರು ಅಕ್ಕಿ ಅದರೊಳಗೆ ಚಟಪಟ ಅರಳಿತ್ತೋ
ಮರಳಿಗೆ ನೆನಪಿದ್ದೀತು.
ನೀರು? ವಾರಕ್ಕೊಂದು ಚೊಂಬು.
'ಮುದ್ದು ಜಾಸ್ತಿ ಆದ್ರ ಸಾಯತೈತಿ.'

ಓಣಿ ಸುಮ್ಮನಿರಲಿಲ್ಲ.
'ಗೋರಿ ಹೂವು ಮನಿ ಮುಂದ ಯಾಕ?' ಎಂದಳು ಖೈರೂನ್‌ಬಿ.
ಎದುರುಮನೆಯ ಗುರುಸಿದ್ದವ್ವ,
'ನಮ್ಮೂರಾಗ ಇದು ಮಠದ ಬಾಗಲಾಗೈತಿ' ಎಂದಳು.
ಇಬ್ಬರಿಗೂ ಹ್ಞೂಂ ಎಂದೆ.

ಡಿಸೆಂಬರಿಗೆ ಎಲೆಯೆಲ್ಲ ಉದುರಿ
ಬೂದುಬಣ್ಣದ ನಾಲ್ಕು ಬೆರಳು.
ಆಪಾನ ಮಗ ಅಂಗಿ ಒಣಹಾಕಿದ ಅದಕ್ಕೆ.
ಸತ್ತಿತೇನೋ ಎಂದು ಉಗುರಲ್ಲಿ ಗೀರಿದೆ.
ಹಾಲು.
ಮೂರು ಸಲ ಸೋಪು ಹಾಕಿದರೂ
ಬೆರಳು ಬೆರಳಿಗೆ ಅಂಟುತ್ತಲೇ ಇತ್ತು.

ಮೂರನೇ ಬೇಸಿಗೆ, ಕರೆಂಟು ಹೋದ ಒಂದು ರಾತ್ರಿ
ಬೆಂಕಿ ಆರಿಸಿ, ದುಪಟ್ಟಾದ ಮಸಿ ಕೊಡವುತ್ತ ಹೊರಬಂದರೆ
ಹೊಟ್ಟಿನ ಹೊಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ
ಯಾರೋ ನಿಂತ ಹಾಗೆ.
ಐದೆಸಳು. ಬಿಳಿ. ಗಂಟಲಲ್ಲಷ್ಟೇ ಅರಿಶಿನ.
ದೊಡ್ಡದೊಂದು ಪತಂಗ ಬಂತು, ನಾಲಿಗೆ ಚಾಚಿತು,
ಸಿಗದೆ ಇನ್ನೊಂದು ಹೂವಿಗೆ ಹಾರಿತು, ಮತ್ತೊಂದಕ್ಕೆ.
ಇದರಲ್ಲಿ ಜೇನೇ ಇಲ್ಲವಂತೆ,
ಬರೀ ಪರಿಮಳದ ಸುಳ್ಳು.
ಸುಳ್ಳುಗಳ ಪರಿಚಯ ನನಗಿದೆ.
ಇದು ಆ ಜಾತಿಯದಲ್ಲ.

ಬೆಳಗ್ಗೆ ಎಸಳ ಮೇಲೆ ಬೂದಿ ಕೂತಿತ್ತು, ಊದಿದೆ.
ಬುಡೇನ್‌ಸಾಬ್ ಬಂದ, ಚಹಾ ಕುಡಿದ,
ಅಕ್ಕಿಯ ರೇಟು ಮಾತಾಡಿದ, ಗಿಡದ ಕಡೆ ನೋಡಲಿಲ್ಲ.
ಹೋಗುವಾಗ ಮಾತ್ರ
ಕಿವಿಯ ಮೇಲಿದ್ದ ಬೀಡಿ ತೆಗೆದು ಜೇಬಿಗಿಟ್ಟು,
ಬುಡದಲ್ಲಿ ಬಿದ್ದಿದ್ದ ಹೂವೊಂದನ್ನು ಹೆಕ್ಕಿ
ಅಲ್ಲಿ ಸಿಕ್ಕಿಸಿಕೊಂಡ.