ಅರ ಹಿಡಿದವನ ಲೆಕ್ಕ

ತಾವರಗೇರಾ ರಸ್ತೆ ಅಗಲ ಆಗಬೇಕಂತೆ.
ಸುಣ್ಣದ ನಂಬರು ಹೊತ್ತು ನಿಂತ ಹುಣಸೆ ಸಾಲು,
ಒಂದರಿಂದ ಇನ್ನೂರಾ ಆರು.

ನಾನು ಮರ ಕಡಿಯುವವನಲ್ಲ.
ಟಂಟಂ ಗಾಡಿಯ ಹಿಂದೆ ಕೂತು
ಮೊಳಕಾಲ ನಡುವೆ ಗರಗಸದ ಸರಪಳಿ ಇಟ್ಟುಕೊಂಡು
ಒಂದೊಂದೇ ಹಲ್ಲಿಗೆ ಅರ ಉಜ್ಜುವವನು.
ಹಲ್ಲಿಗೆ ಮೂರು ಸಲ, ಮುಂದಕ್ಕೆ ಮಾತ್ರ.
ಹಿಂದಕ್ಕೆ ಎಳೆದರೆ ಅರ ಸಾಯುತ್ತದೆ.

ಬೇವಾದರೆ ಒಂದು ಸರಪಳಿಗೆ ಮೂರು ಮರ.
ಹುಣಸೆಯಾದರೆ ಒಂದು ಮರಕ್ಕೆ ಮೂರು ಸರಪಳಿ.
ಟೆಂಡರು ಬರೆದವರಿಗೆ ಇದನ್ನು ಯಾರೂ ಹೇಳಿದಂತಿಲ್ಲ.

ಯಮನೂರಪ್ಪ ಬುಡ ಕೊಯ್ಯುತ್ತಾನೆ.
ಹಿಟಾಚಿಯ ಮೇಲೆ ಲಾಳಸಾಬ.
ಬಕೆಟ್ಟು ಬಿಚ್ಚಿಸಿ ಇಕ್ಕಳ ಹಾಕಿಸಿದ್ದಾನೆ,
ಮರ ವಾಲುವ ಮೊದಲೇ ರಟ್ಟೆಗೆ ಕೈಹಾಕಿ
ಕುಡಿದವನನ್ನು ಬಸ್ಸಿನಿಂದ ಇಳಿಸುವ ಕಂಡಕ್ಟರನಂತೆ
ಬೈಯದೆ, ಅವಸರ ಮಾಡದೆ, ಡಾಂಬರಿನ ಮೇಲೆ ಮಲಗಿಸುತ್ತಾನೆ.
ನಲವತ್ತು ನಿಮಿಷ.
ನೋಡಲು ನಿಂತ ಹುಡುಗರು
ರೊಟ್ಟಿ ತಿಂದು ಬರುವಷ್ಟರಲ್ಲಿ
ಅಲ್ಲಿ ಬರೀ ಬಿಸಿಲು.

ನೂರಾ ಹದಿನೆಂಟರಲ್ಲಿ ಕಿಡಿ ಹಾರಿತು.
ಮರದ ಒಳಗಿಂದ, ಕಿಡಿ.
"ಕಬ್ಬಿಣ ಐತೋ!" ಅನ್ನುವುದರೊಳಗೆ ಸರಪಳಿ ಹರಿದು
ಯಮನೂರಪ್ಪನ ಕಿವಿಯ ಪಕ್ಕ ಹಾದು ಜಾಲಿಯಲ್ಲಿ ಬಿತ್ತು.
ಅವನು ಕೂತ. ನೀರು ಕುಡಿದ.
ನನಗೇನೂ ಆಗಿಲ್ಲ ಅಂದ, ಎರಡು ಸಲ.
ನಾನು ಸರಪಳಿ ಹುಡುಕಿ ತಂದು ಎಣಿಸಿದೆ:
ಮೂವತ್ತಾರರಲ್ಲಿ ಹದಿನಾಲ್ಕು ಹಲ್ಲು ಇಲ್ಲ.

ಬಾಚಿಯಿಂದ ಕೆತ್ತಿದರೆ ಮೊಳೆ.
ಒಂದಲ್ಲ, ಹನ್ನೊಂದು. ಚೌಕ ತಲೆಯವು,
ತೊಗಟೆಯಿಂದ ನಾಲ್ಕು ಬೆರಳು ಆಳಕ್ಕೆ ಇಳಿದು ಮಲಗಿದವು.
ಒಂದೊಂದರ ಸುತ್ತಲೂ
ದವತಿ ಉರುಳಿದ ಹಾಗೆ ನೀಲಿಗಪ್ಪು.
ಹುಳಿಯ ಮರ ಕಬ್ಬಿಣ ನುಂಗಿದರೆ ಹೀಗೇ,
ಮೈಯೊಳಗೆ ಶಾಯಿ ಆಗುತ್ತದೆ.

ಎತ್ತಿನ ಲಾಳದ ಮೊಳೆ.
ಲಾಳಸಾಬ ಇಳಿದು ಬಂದು ನೋಡಿದ:
"ನನ್ನ ಹೆಸರಿನವೇ ಅದಾವಲ್ಲೋ!"
ಎಲ್ಲರೂ ನಕ್ಕರು.
ನಾನು ಆಧಾರ್ ಕಾರ್ಡಿನಲ್ಲಿ ಈಗಲೂ ನಾಲಬಂದ.
ಲಾಳ ಮುಟ್ಟಿದವರು ನಮ್ಮ ಮನೆಯಲ್ಲಿ
ಅಜ್ಜನ ನಂತರ ಯಾರೂ ಇಲ್ಲ.

ಅಜ್ಜ ಬಡೇಸಾಬನಿಗೆ ಅಕ್ಷರ ಬರುತ್ತಿರಲಿಲ್ಲ.
ಹತ್ತಿ ಹೇರಿಕೊಂಡು ಸಂತೆಗೆ ಹೋಗುವ ಗಾಡಿಯವರು
ಎತ್ತು ಕೆಡವಿ ಲಾಳ ಕಟ್ಟಿಸಿಕೊಂಡು
"ಬರುವಾಗ ಕೊಡ್ತೀವಿ, ಸಾಬಣ್ಣ" ಅಂದರೆ
ಒಂದು ಮೊಳೆಯನ್ನು ಮರಕ್ಕೆ ಹೊಡೆಯುತ್ತಿದ್ದನಂತೆ.
ದುಡ್ಡು ಬಂದ ದಿನ ಕೀಳುತ್ತಿದ್ದನಂತೆ.
ಯಾವ ಮರ ಅಂತ ನಾನು ಕೇಳಿರಲಿಲ್ಲ.
ಕೇಳಬೇಕು ಅನ್ನಿಸುವ ವಯಸ್ಸು ನನಗೆ ಬರುವಷ್ಟರಲ್ಲಿ
ಅವನ ಬಾಯಿ ನಿಂತಿತ್ತು.

ಗುತ್ತಿಗೆದಾರ ಬಂದ. ಸರಪಳಿ ಎತ್ತಿ ನೋಡಿದ.
"ಎರಡೂವರೆ ಸಾವಿರ. ನಿನ್ನ ಪಗಾರದಾಗ ಹಿಡೀತೀನಿ,
ನೋಡಿ ಕೊಡೂದಲ್ಲೇನು?"
ಹಿಡೀರಿ ಅಂದೆ.
ಯಾವನೋ ಗಾಡಿಯವನ ನಾಲ್ಕಾಣೆಗೆ
ಬಡ್ಡಿ ಎಷ್ಟಾಗುತ್ತದೆ ಅಂತ
ಮನಸ್ಸಿನಲ್ಲೇ ಕೂಡಿಸುತ್ತಿದ್ದೆ, ಕೂಡಲಿಲ್ಲ.

ಬಳ್ಳಾರಿಯ ಸಾಮಿಲ್ಲಿನವನು ಅಯಸ್ಕಾಂತ ಆಡಿಸಿ ತಲೆ ಅಲ್ಲಾಡಿಸಿದ.
ಮೊಳೆ ಮರ ಬ್ಯಾಡ್ರಿ, ಇಟ್ಟಿಗೆ ಭಟ್ಟಿಗೆ ಕಳಿಸ್ರಿ.
ಹತ್ತಾಳು ತಬ್ಬದ ಬುಡ
ಸೌದೆಯ ದರಕ್ಕೆ ಲಾರಿ ಏರಿತು.
ಏರುವ ಮುಂಚೆ ಇಕ್ಕಳ ಹಾಕಿ ಒಂದನ್ನು ಕಿತ್ತೆ.
ಬಹಳ ಹೊತ್ತು ಹಿಡಿಯಿತು.
ಉಳಿದ ಹತ್ತು ಬೂದಿಯಲ್ಲಿ ಸಿಗಬಹುದು ಯಾರಿಗಾದರೂ.

ಊಟದ ಮೇಲೆ ನೂರಾ ಹತ್ತೊಂಬತ್ತು.
ಯಮನೂರಪ್ಪ ಗರಗಸದ ಹಗ್ಗ ಎಳೆಯಲಿಲ್ಲ.
ಸುಮ್ಮನೆ ನನ್ನ ಕಡೆ ನೋಡಿದ.
ನಾನು ಎದ್ದು ಹೋಗಿ
ಅರದ ಹಿಡಿಯಿಂದ ತೊಗಟೆಯನ್ನು ಸುತ್ತ ತಟ್ಟಿದೆ,
ಕಿವಿ ಇಟ್ಟೆ.
ಒಳಗೆ ಎಲ್ಲೋ ಇರುವೆಗಳು, ಅಥವಾ ನನ್ನದೇ ರಕ್ತ.

"ಏನಿಲ್ಲ, ಹಾಕು" ಅಂದೆ.
ನನಗೇನು ಗೊತ್ತು.