ಸೈಲೆನ್ಸರ್ ಅಂಗಡಿ

ಗ್ರಿಮ್ಸ್‌ಬಿಗೆ ಬಂದರೆ ಮೀನಿನ ವಾಸನೆಗಿಂತ ಮೊದಲು
ಎದುರಾಗುವುದು ಹೆಡ್ಲಿಯ ಅಂಗಡಿ:
ಗೋಡೆ ತುಂಬ ನೇತುಬಿದ್ದ ಕೊಳವೆಗಳು,
ಯಾರೋ ಕಳಚಿಟ್ಟು ಹೋದ ಗಂಟಲುಗಳ ಹಾಗೆ.
ನಲವತ್ತು ವರ್ಷ ಅವನ ಕಸುಬು
ಗದ್ದಲದ ಬಾಯಿಗೆ ಬೀಗ ಹಾಕುವುದು.

ಆಮೇಲೆ ಸರ್ಕಾರದ ಪತ್ರ, ಮನೆಮನೆಗೂ:
ಹಳೇ ಡೀಸೆಲ್ ಬಂಡಿ ತಂದೊಪ್ಪಿಸಿ,
ಹೊಗೆಯಿಲ್ಲದ್ದು ಕೊಳ್ಳಿ,
ಇಷ್ಟು ಸಾವಿರ ಪೌಂಡು ನಮ್ಮದು.

ನಾನು ಒಪ್ಪಿಸಿದೆ.
ಇನ್‌ಹೇಲರ್ ಹಿಡಿದೇ ಶಾಲೆಗೆ ಹೋಗುವ ಮಗಳು ಮನೆಯಲ್ಲಿರುವಾಗ
ಲೆಕ್ಕ ಕೂಡಲು ಬೇರೆ ಮಗ್ಗಿ ಬೇಕಿರಲಿಲ್ಲ.

ಹೊಸ ಕಾರಲ್ಲಿ ಹೋಗಿ ಅಂಗಡಿ ಮುಂದೆ ನಿಂತೆ.
ತಲೆಯೆತ್ತಲಿಲ್ಲ ಅವನು.
ಕೇಳಿಸಿದ್ದರಲ್ಲವೇ?
ಹಾರ್ನ್ ಒತ್ತಲು ಯಾಕೋ ನಾಚಿಕೆ.

ಕೊನೆಗೆ ಬಂದ, ಒರೆಸುವ ಬಟ್ಟೆ ಹೆಗಲಿಗೆಸೆದು.
ಅಭ್ಯಾಸಬಲ: ಮಂಡಿಯೂರಿ ಹಿಂಬದಿಗೆ ಬಗ್ಗಿದ,
ಬಂಪರಿನಡಿ ಬೆರಳಾಡಿಸಿದ,
ಹುಡುಕಿದ, ಇನ್ನೊಂಚೂರು ಹುಡುಕಿದ.

"ಪರವಾಗಿಲ್ಲ," ಎಂದ,
"ಯಾರೋ ನನಗಿಂತ ಚೆನ್ನಾಗಿ ಕೂರಿಸಿದ್ದಾರೆ."

ಏಳಲಾಗದೆ ಕೈ ಚಾಚಿದ. ಹಿಡಿದೆತ್ತಿದೆ.
ಆ ಮಸಿ ಇನ್ನೂ ಇದೆ
ಸ್ಟಿಯರಿಂಗಿನ ಮೇಲೆ,
ಮಗಳ ಸ್ಕೂಲ್‌ಬ್ಯಾಗಿನ ಪಟ್ಟಿಯ ಮೇಲೆ.